ತುಕ್ಕು ಹಿಡಿಯುವ ಚಾಕೇ ಬೇಕು

ಆಸ್ಪತ್ರೆಯಿಂದ ಮನೆಗೆ ಬಂದವರು ಮೊದಲು ಏನು ಕೇಳುತ್ತಾರೆ? ಬಾಯಿಗೆ ರುಚಿಯಾದದ್ದೇನಾದರೂ ಕೇಳುತ್ತಾರೆ, ಇಲ್ಲವೇ ತಮ್ಮ ಹಳೆಯ ಹಾಸಿಗೆ ಕೇಳುತ್ತಾರೆ. ಅಕ್ಕ ಚಾಕು ಕೇಳಿದಳು. ಅದೂ ತರಕಾರಿ ಹೆಚ್ಚುವುದಲ್ಲ, ಕಾಡಿಗೆ ಒಯ್ಯುವುದು.

"ಮಡಚೋದು ಬೇಡ ಪುಟ್ಟಿ. ನನ್ನ ಹಳೇದರ ಥರದ್ದೇ, ಗಟ್ಟಿ ಉಕ್ಕಿಂದು" ಎಂದಳು.

ಪುಟ್ಟಿಗೆ ಐವತ್ತು ದಾಟಿತ್ತು. ಸ್ವಂತ ಹೊಲಿಗೆ ಅಂಗಡಿ ಇತ್ತು, ಮೂಗಿನ ತುದಿಯಲ್ಲಿ ಕನ್ನಡಕವಿತ್ತು, ಅವಳ ಕೈಕೆಳಗಿನ ಹುಡುಗಿಯರು ಅವಳ ನೆರಳು ಕಂಡರೆ ಹೆದರುತ್ತಿದ್ದರು. ಅಕ್ಕನಿಗೆ ಮಾತ್ರ ಅವಳು ಪುಟ್ಟಿಯೇ.

ಅಕ್ಕ ಹೆಣ್ಣುಮಕ್ಕಳ ಶಾಲೆಯಲ್ಲಿ ಮರಗೆಲಸ ಕಲಿಸುತ್ತಿದ್ದಳು. ರಜೆ ಬಂತೆಂದರೆ ಒಂದು ಹಿಂಡು ಹುಡುಗಿಯರನ್ನು ಕಟ್ಟಿಕೊಂಡು ಕಾಡಿಗೆ ಹೋಗುವಳು. ಗೂಟ ಚೂಪು ಮಾಡುವುದು, ಚಮಚ ಕೆತ್ತುವುದು, ಒದ್ದೆ ಕಟ್ಟಿಗೆಯಲ್ಲಿ ಬೆಂಕಿ ಎಬ್ಬಿಸುವುದು, ಎಲ್ಲಕ್ಕೂ ಒಂದೇ ಚಾಕು. ಹಲ್ಲಿ ಕಂಡರೆ ಮಂಚ ಹತ್ತುತ್ತಿದ್ದ ಪುಟ್ಟಿಯನ್ನೂ ದರದರ ಎಳೆದುಕೊಂಡು ಹೋಗುವಳು. ಹಣ್ಣು ಹೆಚ್ಚಿ ಹೆಚ್ಚಿ ಆ ಅಲಗು ಕಪ್ಪಾಗಿತ್ತು. ಅದರಲ್ಲಿ ಕೊಯ್ದ ಸೇಬಿಗೆ ಸಣ್ಣಗೆ ಕಬ್ಬಿಣದ ರುಚಿ ಇರುತ್ತಿತ್ತು. ಎಂಥ ಒಳ್ಳೆಯ ಸೇಬು ತಿಂದರೂ ಪುಟ್ಟಿಗೆ ಈಗಲೂ ಏನೋ ಕಮ್ಮಿ ಅನಿಸುವುದು ಅದಕ್ಕೇ.

ಕೆಲಸ ಮುಗಿದ ಮೇಲೆ ಅಕ್ಕ ಅಲಗನ್ನು ಒಣಬಟ್ಟೆಯಲ್ಲಿ ಒರೆಸುವಳು. ಆಮೇಲೆ ಜಡೆಯನ್ನು ಮುಂದಕ್ಕೆಳೆದು, ಅಲಗನ್ನು ಮಗ್ಗುಲಾಗಿಸಿ ಅದರ ಮೇಲೆ ಎರಡು ಸಲ ಸವರುವಳು. ತೋಳು ಗಾತ್ರದ, ಎಣ್ಣೆ ಜಿನುಗುವ ಜಡೆ ಅದು. "ಎಣ್ಣೆ ಡಬ್ಬಿ ಹೊರೋದ್ಯಾಕೆ, ತಲೆ ಇಲ್ವಾ?" ಎನ್ನುವಳು. ಟೀಚರ್ ಮಾಡಿದ್ದನ್ನು ಮಾಡದಿದ್ದರೆ ಹುಡುಗಿಯರೇ? ಮರುವರ್ಷ ಅಷ್ಟೂ ಜನ ಎಣ್ಣೆ ಸುರಿದು ತಲೆ ತೊಪ್ಪೆ ಮಾಡಿಕೊಂಡು ಬಂದರು. ದಿಂಬು ಹಾಳಾಯಿತೆಂದು ತಾಯಂದಿರು ಶಾಲೆಗೆ ಬಂದು ಜಗಳ ತೆಗೆದರು.

ಕಾಯಿಲೆಯ ಹೆಸರು ಗೊತ್ತಾದ ದಿನ ಅಕ್ಕ ಆ ಚಾಕನ್ನು ಹಳೆಯ ಶಿಷ್ಯೆಯೊಬ್ಬಳಿಗೆ ಕೊಟ್ಟುಬಿಟ್ಟಳು. "ಇನ್ನು ನಂಗ್ಯಾಕೆ?" ಎಂದಿದ್ದಳು. ಡಾಕ್ಟರ ಮಾತಿಗಿಂತ ಆ ಮಾತು ಪುಟ್ಟಿಗೆ ಹೆಚ್ಚು ಉರಿದಿತ್ತು. ಹಾಗಾಗಿ ಈಗ ಅಕ್ಕ ಚಾಕು ಕೇಳಿದಾಗ ಅವಳು ಕುಣಿಯಬೇಕಿತ್ತು. ಕುಣಿದಳು ಕೂಡ, ಒಳಗೊಳಗೇ. ಆದರೆ ಡಾಕ್ಟರು "ಸದ್ಯಕ್ಕೆ ಗುಣವಾಗಿದೆ" ಎಂದಿದ್ದರಲ್ಲ, ಆ "ಸದ್ಯಕ್ಕೆ" ಕಾಲಿಗೆ ನೆಟ್ಟ ಮುಳ್ಳಿನ ಹಾಗೆ ಹೆಜ್ಜೆ ಹೆಜ್ಜೆಗೂ ಚುಚ್ಚುತ್ತಿತ್ತು.

ಅಕ್ಕ ತಂಗಿ ಹೋದ ಚಾಕು ಅಂಗಡಿ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿತ್ತು. ಸಾಣೆಕಲ್ಲಿನ ಧೂಳು, ಗೋಡೆ ತುಂಬ ಮೊಳೆಗಳಿಗೆ ನೇತು ಹಾಕಿದ ಕತ್ತರಿಗಳು. ಅಂಗಡಿಯವನು ಮಾತಿನ ಮಲ್ಲ. ಅಕ್ಕನ ತಲೆಗೆ ಸುತ್ತಿದ್ದ ಸ್ಕಾರ್ಫ್ ನೋಡಿ, ಎಲ್ಲ ಅರ್ಥವಾದವನಂತೆ ಸ್ಟೂಲು ಸರಿಸಿದ. ಫಳಫಳ ಹೊಳೆಯುವ ಚಾಕೊಂದನ್ನು ಮುಂದಿಟ್ಟ.

"ಸ್ಟೇನ್‌ಲೆಸ್ಸು ಅಮ್ಮಾ. ನೀರಲ್ಲಿ ಬಿಸಾಕಿ, ವರ್ಷ ಬಿಟ್ಟು ತೆಗೀರಿ, ಹೀಗೇ ಇರುತ್ತೆ. ನೋಡ್ಕೊಳ್ಳೋ ತಾಪತ್ರಯಾನೇ ಇಲ್ಲ."

ಪುಟ್ಟಿಗೆ ಅದು ಕೂಡಲೇ ಹಿಡಿಸಿತು. ಅಕ್ಕ ಮೂಗು ಮುರಿದಳು. "ಬೆಳ್ಳಗಿರೋದೆಲ್ಲ ಹಾಲಲ್ಲಪ್ಪ. ಕೆಳಗಡೆ ಕಾರ್ಬನ್ ಸ್ಟೀಲಿಂದು ಇಟ್ಟಿರ್ತೀಯಲ್ಲ, ಅದು ತೆಗಿ."

ಎಣ್ಣೆಬಟ್ಟೆಯಲ್ಲಿ ಸುತ್ತಿದ್ದ ಮೂರು ಚಾಕು ಹೊರಬಂದವು. ಮೊದಲನೆಯದರಲ್ಲಿ ಅಲಗಿನ ಬುಡ ಹಿಡಿಯೊಳಗೆ ಅರ್ಧಕ್ಕೇ ನಿಂತಿತ್ತು. "ಕಟ್ಟಿಗೆ ಸೀಳುವಾಗ ಇದು ಕೈ ಕೊಡುತ್ತೆ" ಎಂದಳು ಅಕ್ಕ. ಎರಡನೆಯದು ಉದ್ದ. "ಇದನ್ನ ಹಿಡಿದು ಯುದ್ಧಕ್ಕೆ ಹೋಗಬಹುದು, ಚಮಚ ಕೆತ್ತೋಕಾಗಲ್ಲ." ಮೂರನೆಯದರ ಅಲಗು ಅಂಗೈಯಷ್ಟೇ ಇತ್ತು. ಮರದ ಹಿಡಿಯ ಉದ್ದಕ್ಕೂ ಉಕ್ಕು ಕಾಣುತ್ತಿತ್ತು. ಅಕ್ಕ ಚೀಲದಿಂದ ಹಳೆಯ ಚಕಮಕಿ ಕಲ್ಲು ತೆಗೆದು ಅದರ ಬೆನ್ನಿಗೆ ಗೀರಿದಳು. ಕಿಡಿ ಹಾರಿತು. ಒಂದು ವರ್ಷದಿಂದ ಬಣ್ಣಗೆಟ್ಟಿದ್ದ ಆ ಮುಖದಲ್ಲಿ ಪುಟ್ಟಿಗೆ ರಜೆಯ ಮೊದಲ ದಿನದ ಟೀಚರ್ ಕಂಡಳು.

ಆದರೂ ಪುಟ್ಟಿಯ ಬಾಯಿ ಸುಮ್ಮನಿರಲಿಲ್ಲ. "ಅಕ್ಕಾ, ಇದು ತುಕ್ಕು ಹಿಡಿಯುತ್ತೆ. ಒರೆಸಬೇಕು, ಎಣ್ಣೆ ಹಚ್ಚಬೇಕು. ನಿಂಗ್ಯಾಕೆ ಈ ಉಸಾಬರಿ?"

"ಉಸಾಬರಿ ಬೇಕು ಕಣೇ. ಒಂದು ವರ್ಷ ಎಲ್ಲರೂ ನನ್ನನ್ನೇ ನೋಡ್ಕೊಂಡ್ರಿ. ನಾನು ನೋಡ್ಕೊಳ್ಳೋದು ಅಂತ ಒಂದಾದ್ರೂ ಬೇಡ್ವಾ?"

"ನಿನ್ನ ಕೈಲಿ ಆಗದೆ ಹೋದ್ರೆ?"

ಆಡಿದ ಮೇಲೆ ಪುಟ್ಟಿಗೆ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಆದರೆ ಅವಳ ಭಯ ಅದೇ ಆಗಿತ್ತು. ಒಂದು ದಿನ ಅಕ್ಕನ ಮೇಜಿನ ಖಾನೆ ಎಳೆದಾಗ, ಅಕ್ಕ ಇಲ್ಲದೆ ತುಕ್ಕು ಹಿಡಿದ ಚಾಕು ಕೈಗೆ ಸಿಗುವುದು. ಅಂಗಡಿಯವನು ಕೇಳಿಸದವನಂತೆ ಕತ್ತರಿಗಳ ಧೂಳು ಒರೆಸತೊಡಗಿದ.

ಅಕ್ಕ ಸಿಟ್ಟಾಗಲಿಲ್ಲ. ಚೀಲದಿಂದ ಸೇಬು ತೆಗೆದು, ಆ ಮೂರನೆಯ ಚಾಕಿನಲ್ಲಿ ಒಂದು ಹೋಳು ಕೊಯ್ದು ತಂಗಿಯ ಕೈಗಿಟ್ಟಳು. ಪುಟ್ಟಿ ಬಾಯಿಗೆ ಹಾಕಿಕೊಂಡಳು. ಅದೇ ಕಬ್ಬಿಣದ ರುಚಿ. ಕಣ್ಣು ತುಂಬಿ ಬಂತು.

ಅಕ್ಕ ಅಲಗನ್ನು ಕರವಸ್ತ್ರದಲ್ಲಿ ಒರೆಸಿದಳು. ಆಮೇಲೆ ಅವಳ ಎಡಗೈ, ಅಭ್ಯಾಸಬಲದಿಂದ, ಜಡೆಯನ್ನು ಮುಂದಕ್ಕೆಳೆಯಲು ಭುಜದ ಹಿಂದಕ್ಕೆ ಹೋಯಿತು. ಅಲ್ಲಿ ಜಡೆ ಇರಲಿಲ್ಲ. ಬರಿಗೈ ಭುಜದ ಮೇಲೆಯೇ ನಿಂತಿತು.

ಪುಟ್ಟಿ ಹಿಂದುಮುಂದು ನೋಡದೆ ತನ್ನ ತುರುಬಿನ ಪಿನ್ನು ಕಿತ್ತಳು. ಕೂದಲು ಇಳಿಬಿಟ್ಟು ಅಕ್ಕನ ಮುಂದೆ ತಲೆ ಬಗ್ಗಿಸಿದಳು. "ಇಲ್ಲಿ ಸವರು."

ಅಕ್ಕ ಆ ಬರಿಗೈಯಲ್ಲಿ ತಂಗಿಯ ಕೂದಲನ್ನು ಒಟ್ಟುಗೂಡಿಸಿ ಹಿಡಿದಳು. ಆಮೇಲೆ ಅಲಗನ್ನು ಮಗ್ಗುಲಾಗಿಸಿ ಎರಡು ಸಲ ಸವರಿದಳು. "ಥೂ, ಒಣಹುಲ್ಲು! ಈ ತಲೆಗೆ ಎಣ್ಣೆ ಕಾಣಿಸಿ ಎಷ್ಟು ಕಾಲ ಆಯ್ತೇ? ಇದನ್ನ ನಂಬಿದ್ರೆ ನಾಳೇನೇ ತುಕ್ಕು."

"ಒಂದು ಸಣ್ಣ ಎಣ್ಣೆ ಬಾಟ್ಲಿ ಫ್ರೀ ಕೊಡ್ತೀನಮ್ಮಾ" ಎಂದ ಅಂಗಡಿಯವನು.

"ಬೇಡ" ಎಂದಳು ಪುಟ್ಟಿ. "ಚಾಕು ಕಟ್ಟಿಕೊಡಿ. ಎಣ್ಣೆ ಜವಾಬ್ದಾರಿ ನಂದು, ಯಾವತ್ತಿಗೂ."

ಮುಂದಿನ ಭಾನುವಾರ ಬೆಳಿಗ್ಗೆ ಅಕ್ಕ ಬಾಗಿಲು ತೆರೆದಾಗ ಪುಟ್ಟಿ ಕಾಡಿಗೆ ಹೊರಟವಳಂತೆ ಹೆಗಲಿಗೆ ಚೀಲ ಹಾಕಿಕೊಂಡು ನಿಂತಿದ್ದಳು. ಬಿಗಿಯಾಗಿ ಹೆಣೆದ ಜಡೆ, ಕಿವಿಯ ಹಿಂದಿನಿಂದ ಕುತ್ತಿಗೆಗೆ ಇಳಿಯುತ್ತಿದ್ದ ಎಣ್ಣೆ. ಬಸ್ಸಿನಲ್ಲಿ ಪಕ್ಕದ ಹೆಂಗಸು ಸೀಟು ಬದಲಾಯಿಸಿದ್ದಳಂತೆ. ಅಕ್ಕ ಬಾಗಿಲಿಗೆ ಒರಗಿಕೊಂಡು ನಕ್ಕಳು, ಬಹಳ ದಿನಗಳ ಮೇಲೆ, ಹೊಟ್ಟೆ ಹಿಡಿದುಕೊಂಡು.

"ನಂದು ಬೆಳೆಯೋವರೆಗೆ ಮಾತ್ರ ಕಣೇ" ಎಂದು ಚಾಕನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಟ್ಟಿಲಿಳಿದಳು.