ಕರಕರ ಚಪ್ಪಲಿ

"ಇದರಾಗಿನ ಬೀಜ ತಗಿ," ಎಂದು ರಾಜಾರಾಮ ತನ್ನ ಚಪ್ಪಲಿ ಜೋಡನ್ನು ಹೆಂಡತಿಯ ಮುಖಕ್ಕೇ ಎಸೆದ. ಒಂದು ಕೆಂಚವ್ವನ ಹುಬ್ಬಿಗೆ ಬಡಿದು ರಕ್ತ ಬಂತು. ಅವಳು ಒರೆಸಿಕೊಳ್ಳಲಿಲ್ಲ. ಏಟಿಗಿಂತ ಆ ಮಾತೇ ಅವಳಿಗೆ ಹೆಚ್ಚು ಹತ್ತಿತ್ತು.

ಅಥಣಿಯಲ್ಲಿ ಚಪ್ಪಲಿ ಮಾಡುವವರಿಗೇನು ಬರವಿಲ್ಲ. ಆದರೆ ಕರಕರ ಎನ್ನುವ ಚಪ್ಪಲಿ ಬೇಕಾದವರು ಹುಡುಕಿಕೊಂಡು ಬರುತ್ತಿದ್ದುದು ಈ ಮನೆಗೇ. ರಾಜಾರಾಮ ತೊಗಲು ಕೊಯ್ಯುವನು. ಕೆಂಚವ್ವ ತಳ ಬಡಿದು, ಎರಡು ಪದರದ ನಡುವೆ ಒಣಬೀಜ ಇಟ್ಟು ಹೊಲಿಯುವಳು. ಹಾಕಿಕೊಂಡು ನಡೆದರೆ ಓಣಿಗೆ ಓಣಿಯೇ ತಿರುಗಿ ನೋಡಬೇಕು. ಗಂಡನ ಜೋಡಿಗೆ ಅವಳು ನಾಲ್ಕು ಬೀಜ ಹೆಚ್ಚೇ ಇಟ್ಟಿದ್ದಳು. ಅದು ತನ್ನ ದೌಲತ್ತಿಗೆ ಎಂದುಕೊಂಡಿದ್ದ ಅವನು, ಪಾಪ!

ಕುಡಿದರೂ ಅಷ್ಟೇ, ಕುಡಿಯದಿದ್ದರೂ ಅಷ್ಟೇ, ಅವನ ಕೈ ಸುಮ್ಮನಿರುವ ಕೈಯಲ್ಲ. ಹೋದ ಯುಗಾದಿಗೆ ಮಗಳು ಉಜ್ವಲಾಳ ಕಪಾಳಕ್ಕೆ ಬಾರಿಸಿದ್ದ. ಅಂದಿನಿಂದ ಹುಡುಗಿಗೆ ಎಡಗಿವಿ ಕೇಳುವುದಿಲ್ಲ, ಬಲಗಿವಿ ಅಷ್ಟಕ್ಕಷ್ಟೇ. ಮಗಳ ಪಾಲಿನದನ್ನೂ ತಾಯಿಯೇ ಕೇಳಿಸಿಕೊಳ್ಳಬೇಕಾಯಿತು. ಓಣಿಯ ತಿರುವಿನಲ್ಲಿ ಕರ್ ಎಂದೊಡನೆ ಕೆಂಚವ್ವ ಮಗಳ ಮೊಣಕಾಲು ಮುಟ್ಟುವಳು. ಉಜ್ವಲಾ ಹಿತ್ತಲ ಬಾಗಿಲಿನಿಂದ ನೆರೆಯ ಸುಂದ್ರವ್ವನ ಮನೆ ಸೇರುವಳು. ಅವನು ಒಳಗೆ ಕಾಲಿಡುವಷ್ಟರಲ್ಲಿ ಹೊಡೆಸಿಕೊಳ್ಳಲು ತಾಯಿ ಒಬ್ಬಳೇ ಇರುತ್ತಿದ್ದಳು.

ಅದು ಈಗ ಅವನಿಗೆ ಗೊತ್ತಾಗಿತ್ತು.

"ಸಪ್ಪಳ ಇಲ್ದ ನಿಮಗ ಛಲೋ ಕಾಣಂಗಿಲ್ರಿ," ಎಂದಳು ಕೆಂಚವ್ವ.

"ನಾ ಬರೂದು ಯಾರಿಗೂ ಗೊತ್ತಾಗಬಾರ್ದು. ಆಕಿಗಿ ಬಾಳ ಸೊಕ್ಕ ಬಂದೈತಿ. ಓಡೂ ಕಾಲ ಮುರೀತೀನಿ."

ಎದುರಿಗೇ ಕೂತು ತೆಗೆಸಿದ. ತೊಗಲು ಕೊಯ್ಯುವ ರಂಪಿಯ ಮೊನೆಯಿಂದ ಹೊಲಿಗೆ ಬಿಚ್ಚಿ, ಬೀಜ ತೆಗೆದು, ಅವಳು ಮತ್ತೆ ಹೊಲಿದು ಕೊಟ್ಟಳು. ಹಾಕಿಕೊಂಡು ಅಂಗಳದಲ್ಲಿ ಎರಡು ಸುತ್ತು ನಡೆದ. ಬೆಕ್ಕು ನಡೆದಷ್ಟೂ ಸದ್ದಾಗಲಿಲ್ಲ. ರಾಜಾರಾಮ ನಕ್ಕ.

ಮೂರನೆಯ ದಿನ ಮಧ್ಯಾಹ್ನ ತಾಯಿ ಮಗಳು ಚಪ್ಪಲಿಯ ಪಟ್ಟಿ ಹೆಣೆಯುತ್ತಿದ್ದರು. ಕೆಂಚವ್ವನ ಜೀವವೆಲ್ಲ ಕಿವಿಯಲ್ಲಿತ್ತು, ಆದರೂ ಏನೂ ಕೇಳಿಸಲಿಲ್ಲ. ತಲೆ ಎತ್ತಿದಾಗ ಉಜ್ವಲಾಳ ಜಡೆ ಅವನ ಮುಷ್ಟಿಯಲ್ಲಿತ್ತು. ಹುಡುಗಿಯ ತಲೆಯನ್ನು ಗೋಡೆಗೆ ಅಪ್ಪಳಿಸಿದ. ಮತ್ತೊಮ್ಮೆ ಅಪ್ಪಳಿಸಿದ. ಸುಣ್ಣದ ಮೇಲೆ ರಕ್ತ ಹತ್ತಿತು.

"ಬಿಡ್ರಿ," ಎಂದಳು ಕೆಂಚವ್ವ.

"ಇನ್ನೊಂದ್ ಕಿವೀನೂ ಇವತ್ತ ತಗೀತೀನಿ."

ತೊಗಲು ಬಡಿಯುವ ಕಬ್ಬಿಣದ ಗುಂಡು ಅವಳ ಪಕ್ಕದಲ್ಲೇ ಇತ್ತು. ಇಪ್ಪತ್ತು ವರ್ಷ ಅದೇ ಗುಂಡಿನಿಂದ ತಳ ಬಡಿದ ಕೈ ಅವಳದು. ಎರಡೂ ಕೈಯಿಂದ ಎತ್ತಿ, ಅವನ ಬಲಪಾದದ ಮೇಲೆ, ತಾನೇ ಹೊಲಿದ ಪಟ್ಟಿಯ ಮೇಲೆ ಹಾಕಿದಳು. ಎಲುಬು ಮುರಿದದ್ದು ಕೇಳಿಸಿತು. ಜಡೆ ಬಿಟ್ಟು ಅವನು ನೆಲಕ್ಕೆ ಬಿದ್ದ. ಅವಳ ಸಿಟ್ಟು ಇಳಿಯಲಿಲ್ಲ. ಅದೇ ಪಾದದ ಮೇಲೆ ಇನ್ನೂ ಎರಡು ಸಲ ಹಾಕಿದಳು.

ಕಾಲ ಮೇಲೆ ಕಲ್ಲು ಬಿತ್ತು ಎಂದು ದವಾಖಾನೆಯಲ್ಲಿ ಅವನೇ ಹೇಳಿದ. ಹೆಂಡತಿಯ ಕೈಲಿ ಹೊಡೆಸಿಕೊಂಡೆ ಎನ್ನಲು ಬಾಯಿ ಬರಬೇಕಲ್ಲ.

ಈಗ ದೀಪಾವಳಿ ಹತ್ತಿರ ಬಂದಿದೆ. ಪುಣೆಯ ವ್ಯಾಪಾರಿ ಫೋನ್ ಮಾಡಿ ಮಾಡಿ ಅವಸರ ಹಚ್ಚಿದ್ದಾನೆ. ತಾಯಿ ಮಗಳು ಹೊಲಿಯುತ್ತ ಕೂತಿದ್ದಾಗ ಓಣಿಯ ತಿರುವಿನಲ್ಲಿ ಸಪ್ಪಳವಾಯಿತು. ಒಂದು ಹೆಜ್ಜೆ, ಆಮೇಲೆ ಕಾಲು ಎಳೆಯುವ ಸದ್ದು. ಕೆಂಚವ್ವ ಮಗಳ ಮೊಣಕಾಲು ಮುಟ್ಟಿದಳು.

ಉಜ್ವಲಾ ಹಿತ್ತಲ ಬಾಗಿಲ ಕಡೆ ನೋಡಲಿಲ್ಲ. ಕೈ ಚಾಚಿ ಗುಂಡನ್ನು ತಮ್ಮಿಬ್ಬರ ನಡುವೆ ಎಳೆದುಕೊಂಡು, ಸೂಜಿಗೆ ದಾರ ಪೋಣಿಸತೊಡಗಿದಳು.