ಒಂಬತ್ತನೇ ಸಾಲು

ನನ್ನ ಅಮ್ಮ ಹನ್ನೊಂದು ತಿಂಗಳ ಕೂಸಾಗಿದ್ದಾಗಲೇ ತೀರಿಕೊಂಡಳು ಎಂದು ಮಾವ ಬರೆದಿದ್ದ. ನಾನದನ್ನು ಓದುವಾಗ ಅಮ್ಮ ಒಳಕೋಣೆಯಲ್ಲಿ ಕೆಮ್ಮುತ್ತಿದ್ದಳು.

ನಾನು ಸಮಾಧಿ ಕಲ್ಲುಗಳ ಮೇಲೆ ಅಕ್ಷರ ಕೊರೆಯುವವನು. ಏಳನೇ ಕ್ಲಾಸಿಗೆ ಓದು ನಿಂತಿತು. ಆಮೇಲೆ ಓದಿದ್ದೆಲ್ಲ ಸತ್ತವರ ಹೆಸರುಗಳೇ. ಮಾವ ಅಮ್ಮನ ಒಡಹುಟ್ಟಿದ ಅಣ್ಣ, ನಿವೃತ್ತ ಹೆಡ್‌ಮಾಸ್ಟರು, ಆರು ವರ್ಷದಿಂದ ಮನೆತನದ ಚರಿತ್ರೆ ಬರೆಯುತ್ತಿದ್ದ. ಅದರಿಂದ ಹನ್ನೆರಡು ಸಾಲು ಇಳಿಸಿ, ಚರ್ಚಿನ ಸಮಾಧಿ ನೆಲದಲ್ಲಿದ್ದ ಮನೆತನದ ಜಾಗಕ್ಕೆ ಹೊಸ ಕಲ್ಲು ಮಾಡಿಕೊಡು ಎಂದು ಪಟ್ಟಿ ಕಳಿಸಿದ್ದ. ಆ ಜಾಗದಲ್ಲಿ ಯಾರನ್ನು ಹೂಳಬಹುದೆಂದು ಕೇಳಿದರೆ ಚರ್ಚಿನ ಸಮಿತಿಯವರು ತೆರೆಯುವುದೂ ಮಾವನ ಪುಸ್ತಕವನ್ನೇ. ಡಾಕ್ಟರು ಕೈಚೆಲ್ಲಿದ ಮೇಲೆ ಅಮ್ಮನಿಗೆ ಉಳಿದಿದ್ದ ಆಸೆ ಒಂದೇ: ತನ್ನ ತಾಯಿಯ ಪಕ್ಕ ಮಲಗಬೇಕು.

ಅಮ್ಮನಿಗೆ ಎರಡು ಹೆಸರು. ಚರ್ಚಿನಲ್ಲಿ ಜ್ಞಾನಸ್ನಾನ ಮಾಡಿಸಿದಾಗ ಇಟ್ಟದ್ದು ಅವಳ ಅಪ್ಪನ ತಾಯಿಯ ಹೆಸರು, ಆ ಮುದುಕಿಯದೇ ಹಟ. ಆದರೆ ಮುದುಕಿ ಎದುರಿಗೇ ಕೂತಿರುವಾಗ ಅದೇ ಹೆಸರು ಹಿಡಿದು 'ಸುಮ್ನಿರೇ ಪೀಡೆ' ಎಂದು ಕೂಸನ್ನು ಗದರುವ ಧೈರ್ಯ ಯಾವ ಸೊಸೆಗಿದೆ? ಅದಕ್ಕೇ ತಾತ, ಅಮ್ಮನ ಅಪ್ಪ, ಜನನ ನೋಂದಣಿ ಕಚೇರಿಯಲ್ಲಿ ಬೇರೆ ಹೆಸರು ಬರೆಸಿ ಬಂದ. ಶಾಲೆ, ಮದುವೆ, ಆಸ್ಪತ್ರೆ ಚೀಟಿ, ಎಲ್ಲದರಲ್ಲೂ ಅದೇ. ಕೂಸಿಗೆ ವರ್ಷ ತುಂಬುವ ಮೊದಲೇ ಮುದುಕಿ ಸತ್ತಳು. ಪಾದ್ರಿ ಸತ್ತವರ ಪುಸ್ತಕದಲ್ಲಿ ಹೆಸರು ಬರೆದ, ವಯಸ್ಸು ಬರೆಯಲಿಲ್ಲ. ಮಾವ ಮುದುಕಿಯ ಸಾವನ್ನು ತಂದು ಕೂಸಿಗೆ ಅಂಟಿಸಿದ್ದ.

ಪಟ್ಟಿಯ ಮೂರನೇ ಸಾಲು ನೋಡಿದರೆ ಸಾಕಿತ್ತು. ಅಲ್ಲಿ ಮುದುಕಿಯ ಹೆಸರಿತ್ತು, ಸತ್ತ ದಿನ ಖಾಲಿ. ಒಂಬತ್ತನೇ ಸಾಲಿನಲ್ಲಿ ಅದೇ ಹೆಸರಿನ ಕೂಸು, ಸತ್ತ ದಿನ ಸಮೇತ. ಏಳನೇ ಕ್ಲಾಸಿನವನಿಗೆ ಕಂಡದ್ದು ಹೆಡ್‌ಮಾಸ್ಟರಿಗೆ ಕಾಣಲಿಲ್ಲ.

ಚರ್ಚಿಗೂ ಕಚೇರಿಗೂ ಅಲೆದು ನಕಲು ತಂದೆ. ಎರಡರಲ್ಲೂ ಹುಟ್ಟಿದ ದಿನ ಒಂದೇ, ಅಪ್ಪ ಅಮ್ಮ ಅವರೇ. ಮಾವನ ಮೇಜಿನ ಮೇಲೆ ಭೂತಗನ್ನಡಿ, ಅಂಟಿನ ಬಾಟಲಿ, ಒಬ್ಬೊಬ್ಬರ ಹೆಸರಿಗೂ ಒಂದೊಂದು ರಟ್ಟಿನ ಡಬ್ಬ. ಕೂರು ಅನ್ನಲಿಲ್ಲ. ನಕಲುಗಳ ಮೇಲೆ ಭೂತಗನ್ನಡಿ ಆಡಿಸಿ, ಅವಳಿ ಇದ್ದಿರಬಹುದು ಎಂದ.

"ನಿಮಗಾಗ ಎಂಟು ವರ್ಷ, ಮಾವ. ಮನೇಲಿ ಎಷ್ಟು ತೊಟ್ಟಿಲಿತ್ತು ಅಂತ ಗೊತ್ತಿರಲ್ವಾ?"

"ನೆನಪು ಆಧಾರ ಅಲ್ಲ ಕಣೋ. ಮನೇಲಿ ಅವಳು ನನ್ನ ತಂಗೀನೇ. ಪುಸ್ತಕದಲ್ಲಿ ಜ್ಞಾನಸ್ನಾನದ ಹೆಸರಿಗೆ ಮಾತ್ರ ಜಾಗ. ಬೇಕಾದ್ರೆ ಕೊನೇ ಪುಟದಲ್ಲಿ 'ಇತರರು' ಅಂತಿದೆ, ಅಲ್ಲಿ ಸೇರಿಸ್ತೀನಿ."

ಒಂದು ಹೆಸರಿನ ಪಕ್ಕ ಇನ್ನೊಂದು ಬರೆಯಲು ಒಂದಂಗುಲ ಸಾಕಿತ್ತು. ಅವನ ಹೊಟ್ಟೆಯಲ್ಲಿ ಆ ಅಂಗುಲ ಇರಲಿಲ್ಲ. ಅಮ್ಮ ಅವನ ಮಾತು ಮೀರಿ, ಚರ್ಚಿಗೆ ಹೋಗದೆ, ಕಚೇರಿಯಲ್ಲಿ ಕಚೇರಿ ಹೆಸರಿನಲ್ಲೇ ಸಹಿ ಹಾಕಿ ನನ್ನ ಅಪ್ಪನನ್ನು ಕಟ್ಟಿಕೊಂಡಳಲ್ಲ, ಆ ಸಿಟ್ಟು. ತಪ್ಪು ಮೊದಲು ಬರೀ ತಪ್ಪೇ ಆಗಿತ್ತೋ ಏನೋ; ಅನುಕೂಲ ಕಂಡ ಮೇಲೆ ಸಾಕಿಕೊಂಡ. ಕಲ್ಲು ಕೊರೆಯೋನು ಕೊಟ್ಟಿದ್ದನ್ನ ಕೊರೆದರೆ ಸಾಕು, ಸಂಶೋಧನೆ ಓದಿದವರು ಮಾಡ್ತಾರೆ ಎಂದು ಬಾಗಿಲವರೆಗೂ ಬಂದು ಬುದ್ಧಿ ಹೇಳಿದ.

ಅಮ್ಮನಿಗೆ ಹೇಳಿದೆ. "ಹನ್ನೊಂದು ತಿಂಗಳಿಗೇ ಸತ್ತೋಳಿಗೆ ನಿನ್ನಂಥ ಕತ್ತೆ ಹೇಗೆ ಹುಟ್ಟಿತೋ?" ಎಂದು ನಕ್ಕಳು, ನಗು ಕೆಮ್ಮಾಯಿತು. ಆಮೇಲೆ ಗೋಡೆ ಕಡೆ ತಿರುಗಿದಳು. "ನಮ್ಮಮ್ಮ ನನ್ನ ಆ ಹೆಸರಿಂದ ಒಂದು ದಿನಾನೂ ಕರೀಲಿಲ್ಲ. ಈಗ ಅದೇ ಹೆಸರಿಲ್ಲದೆ ಅವಳ ಹತ್ರ ಬಿಡಲ್ವಂತೆ."

ಹನ್ನೆರಡೂ ಸಾಲು ಕೊರೆದೆ. ಮೂರರಲ್ಲಿ ಮುದುಕಿಗೆ ಅವಳ ಸಾವನ್ನು ವಾಪಸು ಕೊಟ್ಟೆ. ಒಂಬತ್ತರಲ್ಲಿ ಅಮ್ಮನ ಜ್ಞಾನಸ್ನಾನದ ಹೆಸರು, 'ಉರುಫ್' ಎಂದು ಕಚೇರಿ ಹೆಸರು, ಹುಟ್ಟಿದ ವರ್ಷ. ಸತ್ತ ವರ್ಷಕ್ಕೆ ನಾಲ್ಕು ಅಂಕಿಯಷ್ಟು ಜಾಗ ಬಿಟ್ಟೆ. ಮಾವ ಬಂದ, ಒಂಬತ್ತನೇ ಸಾಲಿನ ಮೇಲೆ ಬೆರಳಾಡಿಸಿದ, ಹೊರಟುಹೋದ. ಇನ್ನೊಬ್ಬನ ಕೈಯಲ್ಲಿ ಬೇರೆ ಕಲ್ಲು ಕೊರೆಸಿದ.

ಹದಿನೇಳು ದಿನಕ್ಕೆ ಅಮ್ಮ ಹೋದಳು. ಸಮಿತಿಯವರು ಪುಸ್ತಕ ತಿರುವಿ, ಈ ಹೆಸರಿನವರು ಇಲ್ಲ ಎಂದರು. ಇದ್ದಾಳೆ, ಒಂಬತ್ತನೆಯವಳು ಎಂದೆ. ಅವಳು ಆಗಲೇ ಒಳಗಿದ್ದಾಳಲ್ಲಪ್ಪ ಎಂದರು. ನಕಲು ಮುಂದಿಟ್ಟೆ. ಹಿರಿಯರು ಒಪ್ಪಿದರೆ ನಮ್ಮದೇನಿಲ್ಲ ಎಂದು ಎಲ್ಲರೂ ಮಾವನ ಮುಖ ನೋಡಿದರು. ಅವನ ಕಣ್ಣು ಒದ್ದೆಯಾಗಿತ್ತು, ಸುಳ್ಳಲ್ಲ.

"ಖಚಿತವಾಗಿ ಹೇಳೋಕೆ ಬರಲ್ಲ," ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ.

ಪುರಸಭೆಯ ನೆಲದಲ್ಲಿ ಹೂತೆವು. ನನ್ನ ಕಲ್ಲಿನಿಂದ ಒಂಬತ್ತನೇ ಸಾಲನ್ನು ಮಾತ್ರ ಕತ್ತರಿಸಿ ತೆಗೆದು, ನಾಲ್ಕು ಅಂಕಿ ತುಂಬಿಸಿ, ಅಮ್ಮನ ತಲೆಯ ಕಡೆ ನಿಲ್ಲಿಸಿದೆ. ಗುಂಡಿ ತೋಡುವವನು ಓದಿ, ಇಬ್ಬರಾ ಒಳಗೆ ಎಂದು ಕೇಳಿದ. ಒಬ್ಬಳೇ ಎಂದೆ.

ಉಳಿದ ತುಂಡುಗಳನ್ನು ನನ್ನ ಅಂಗಡಿಯ ಬಾಗಿಲಿಗೆ ಹಾಸಿದ್ದೇನೆ. ಮನೆತನವನ್ನು ದಿನಾ ಮೆಟ್ಟಿಯೇ ಕೆಲಸಕ್ಕೆ ಕೂರುವುದು. ಅಮ್ಮನ ತಾಯಿಯ ಸಾಲು ಬಂದಾಗ ಮಾತ್ರ ದಾಟಿ ಹೆಜ್ಜೆ ಇಡುತ್ತೇನೆ.