ತಲೆದೆಸೆಯ ಸ್ಟೂಲು

ರೋಣದ ಆ ಸಣ್ಣ ಆಸ್ಪತ್ರೆಯಲ್ಲಿ ಮರಗಟ್ಟಿಸುವ ಇಂಜೆಕ್ಷನ್ ಕೊಡುವಾಗ ಒಬ್ಬರು ರೋಗಿಯ ತಲೆದೆಸೆಗೆ ಕೂತು ಮಾತಾಡಿಸುತ್ತಲೇ ಇರಬೇಕು. ಅದು ಡಾಕ್ಟರ್ ರಾಜರತ್ನ ಅವರ ಕಟ್ಟಳೆ. ಔಷಧ ಕೊಟ್ಟ ಜಾಗದಲ್ಲೇ ನಿಂತರೆ ಚಿಂತೆಯಿಲ್ಲ. ರಕ್ತದಲ್ಲಿ ಹೆಚ್ಚಾದರೆ ಮೊದಲು ನಾಲಿಗೆ ತೊದಲುತ್ತದೆ, ಕಿವಿ ಗುಂಯ್‌ಗುಡುತ್ತದೆ. ಆಮೇಲೆ ಫಿಟ್ಸ್ ಬರಬಹುದು, ಎದೆಬಡಿತವೇ ನಿಲ್ಲಬಹುದು. ಮಾತು ಕೆಟ್ಟದ್ದು ಎಲ್ಲರಿಗಿಂತ ಮೊದಲು ಗೊತ್ತಾಗುವುದು ಸ್ಟೂಲಿನ ಮೇಲೆ ಕೂತವರಿಗೆ.

ಹದಿನೆಂಟು ವರ್ಷ ಆ ಸ್ಟೂಲು ಮಹೇಶ್ವರಿಯದಾಗಿತ್ತು. ಅವಳು ಹೆಚ್ಚು ಮಾತಿನವಳಲ್ಲ. ಎರಡು ಪ್ರಶ್ನೆ ಕೇಳಿ, ಉಳಿದದ್ದಕ್ಕೆ ಸುಮ್ಮನೆ ಕಿವಿಗೊಡುತ್ತಿದ್ದಳು. ಹೋದ ದೀಪಾವಳಿಗೆ ಗಜೇಂದ್ರಗಡದಿಂದ ಭಾಗ್ಯಾ ಎಂಬ ಹೊಸ ನರ್ಸ್ ಬಂದಳು. ತಿಂಗಳೊಪ್ಪತ್ತಿನಲ್ಲಿ ಜನ "ಆ ನಗೋ ಸಿಸ್ಟರ್ ಅದಾರೇನ್ರಿ?" ಎಂದು ಕೇಳತೊಡಗಿದರು.

"ಮಹೇಶ್ವರಿ, ನೀವು ತೂಕ, ಬಿಪಿ, ಟ್ರೇ ನೋಡ್ಕೊಳ್ರಿ. ಮಾತು ಭಾಗ್ಯಾಗ ಇರ್ಲಿ" ಅಂದರು ಡಾಕ್ಟರು.

ಅಂದಿನಿಂದ ಬೆಳಿಗ್ಗೆ ಪೂಜೆಗೆ ಕೂತರೂ ಮಹೇಶ್ವರಿಗೆ ಭಾಗ್ಯಾಳ ನಗೆಯೇ ಕೇಳುತ್ತಿತ್ತು. ಆಕೆಯದೊಂದು ತಪ್ಪು ಎಲ್ಲರಿಗೂ ಕಾಣಲಿ ಎಂದು ಕಣ್ಣು ಮುಚ್ಚಿ ಬೇಡಿಕೊಂಡದ್ದೂ ಉಂಟು. ಬೇಡಿದ ಮೇಲೆ ನಾಚಿಕೆಯಾಗುತ್ತಿತ್ತು. ಮರುದಿನ ಮತ್ತೆ ಬೇಡುತ್ತಿದ್ದಳು.

ಆ ಸೋಮವಾರ ಮೆಣಸಗಿಯ ಹನುಮಪ್ಪ ಬೆನ್ನ ಮೇಲಿನ ಕೊಬ್ಬಿನ ಗಂಟು ತೆಗೆಸಿಕೊಳ್ಳಲು ಬಂದರು. ಎಪ್ಪತ್ತು ದಾಟಿದ ಸಣಕಲ ಮುದುಕ, ಶ್ರಾವಣದಲ್ಲಿ ಊರ ಮಠದಲ್ಲಿ ಪುರಾಣ ಓದುವವರು. ತೂಕ ನಲವತ್ತೆರಡು ಕಿಲೋ. ಚೀಟಿಯಲ್ಲಿ ಬರೆಯುವಾಗಲೇ ಅವರು ಬೇಸಿನ್ನಿನಲ್ಲಿ ಕೆಂಪಾದ ಹತ್ತಿಯುಂಡೆಯೊಂದನ್ನು ಉಗುಳಿದ್ದು ಮಹೇಶ್ವರಿಯ ಕಣ್ಣಿಗೆ ಬಿತ್ತು. ಹಲ್ಲು ಕೀಳಿಸಿಕೊಂಡು ಬಂದಿದ್ದಾರೆ. ಅಂದರೆ ಅಲ್ಲಿಯೂ ಇದೇ ಜಾತಿಯ ಔಷಧ ಒಳಗೆ ಹೋಗಿದೆ.

ಹೇಳಬೇಕಿತ್ತು. ಆದರೆ ಕೇಳುವ ಕೆಲಸ ಈಗ ಭಾಗ್ಯಾಳದು. 'ಅಕಿನ ಕೇಳ್ಲಿ' ಎಂದುಕೊಂಡು ಟ್ರೇ ಜೋಡಿಸಿದಳು.

ಭಾಗ್ಯಾ ಕೇಳಿದಳು: "ಅಜ್ಜಾರ, ಹಿಂದ ಎಂದರ ಈ ಇಂಜೆಕ್ಷನ್ ತಗೊಂಡು ತ್ರಾಸ ಆಗಿತ್ತೇನ್ರಿ?"

"ಏನೂ ಆಗಿಲ್ಲವ್ವಾ." ಸುಳ್ಳೇನಲ್ಲ.

"ಅಂಜಿಕಿ ಬರಾಕತ್ತೈತೇನ್ರಿ?"

"ನನಗ? ಹೊಳಿ ಮನಿಯೊಳಗ ಹೊಕ್ಕಾಗ ಮಾಳಿಗಿ ಮ್ಯಾಲ ಕುಂತು ಪುರಾಣ ಓದಾಂವ ನಾ. ನಿಮ್ಮ ಸೂಜಿಗಿ ಅಂಜ್ತೀನೇನು?"

"ಹಂಗಾರ ನಮಗೂ ಒಂದೀಟು ಅನ್ರಿ, ಕೇಳೂಣು."

ಹನುಮಪ್ಪ ಮಗ್ಗುಲಾಗಿ ಮಲಗಿದ್ದಲ್ಲೇ ಪುರಾಣದ ಒಂದು ಪದ್ಯ ಶುರುಮಾಡಿದರು. ಡಾಕ್ಟರು ಸೂಜಿ ಚುಚ್ಚಿದಾಗೊಮ್ಮೆ ಸಿರಿಂಜನ್ನು ಹಿಂದಕ್ಕೆಳೆದು, ರಕ್ತ ಬರಲಿಲ್ಲವೆಂದು ನೋಡಿಕೊಂಡು, ಸ್ವಲ್ಪಸ್ವಲ್ಪವೇ ಔಷಧ ಬಿಡುತ್ತಿದ್ದರು. ತೂಕಕ್ಕೆ ತಕ್ಕ ಅಳತೆ, ಒಂದು ಹನಿ ಹೆಚ್ಚಿಲ್ಲ. ಹಲ್ಲಿನದು ಮಾತ್ರ ಆ ಲೆಕ್ಕದಲ್ಲಿರಲಿಲ್ಲ.

ಆ ಪದ್ಯ ಮಹೇಶ್ವರಿಗೆ ಬಾಯಿಪಾಠ. ಅಪ್ಪನ ತೊಡೆಯ ಮೇಲೆ ಕೇಳಿದ್ದು. ಮೂರನೆಯ ಸಾಲಿನಲ್ಲಿ ಒಂದು ಪದ ಮೆತ್ತಗಾಯಿತು. ನಾಲ್ಕನೆಯದು ಬರಲೇ ಇಲ್ಲ. ಎರಡನೆಯದೇ ಮತ್ತೆ ಬಂತು, ಅದೂ ದಪ್ಪ ನಾಲಿಗೆಯಲ್ಲಿ. ಭಾಗ್ಯಾ "ಭಾಳ ಚಲೋ ಅಂತೀರಿ ಅಜ್ಜಾರ!" ಎಂದು ತಲೆದೂಗಿದಳು.

ಮಹೇಶ್ವರಿ ಟ್ರೇ ಬಿಟ್ಟು ಮುಂದೆ ಬಂದಳು.

"ನಿಲ್ಲಸ್ರಿ ಸರ್! ಅಜ್ಜಾರು ತೊದಲಾಕತ್ಯಾರ. ಮುಂಜಾನಿ ಹಲ್ಲ ತಗಿಸ್ಯಾರ!"

ಡಾಕ್ಟರು ಸೂಜಿ ತೆಗೆದರು. "ಅಜ್ಜಾ, ಕಿವಿಯೊಳಗ ಏನರ ಸಪ್ಪಳ?"

"ಗುಂಯ್... ಬಾಯಾಗ ಕಬ್ಬಣ ನೆಕ್ಕಿದಂಗ..."

ಭಾಗ್ಯಾ ಆಗಲೇ ಆಕ್ಸಿಜನ್ ಮುಖಕ್ಕೆ ಹಿಡಿದಿದ್ದಳು. ಮಹೇಶ್ವರಿ ಸಲೈನ್ ಹಚ್ಚಿದಳು. ಇಂಥ ಹೊತ್ತಿಗೆಂದೇ ಇಟ್ಟ, ಔಷಧದ ನಂಜಿಳಿಸುವ ಬಿಳಿ ಬಾಟಲಿಯನ್ನು ಡಾಕ್ಟರು ತೆಗೆದಿಟ್ಟುಕೊಂಡು ಮಾನಿಟರ್ ನೋಡುತ್ತ ನಿಂತರು. ಅದು ಬೇಕಾಗಲಿಲ್ಲ. ಅರ್ಧ ತಾಸಿಗೆ ಹನುಮಪ್ಪನ ಮಾತು ತಿಳಿಯಾಯಿತು.

"ಮತ್ತ ಮತ್ತ ಯಾರು ಬರ್ತಾರಂತ, ಎರಡೂ ಇವತ್ತ ಮುಗಿಸೂಣು ಅಂದೆ. ಹಲ್ಲಿಗೂ ಬೆನ್ನಿಗೂ ಏನ್ ಸಂಬಂಧರೀ?" ಎಂದು ಅವರೇ ಡಾಕ್ಟರನ್ನು ದಬಾಯಿಸಿದರು.

ಅವರನ್ನು ಸಂಜೆಯವರೆಗೆ ಉಳಿಸಿಕೊಳ್ಳಲು ಹೇಳಿ ಡಾಕ್ಟರು ಭಾಗ್ಯಾಳತ್ತ ತಿರುಗಿದರು. "ಇವತ್ತ ಬ್ಯಾರೆ ಕಡೆ ಇಂಜೆಕ್ಷನ್ ಆಗೇತೇನು ಅಂತ ಕೇಳಾಕ ಏನಾಗಿತ್ತು ನಿನಗ? ನಗೋದೊಂದ ಕೆಲಸೇನು? ನಾಳಿಯಿಂದ ಮಹೇಶ್ವರಿನ ಕುಂದರ್ಲಿ."

ಭಾಗ್ಯಾ ತಲೆ ತಗ್ಗಿಸಿದಳು. ಬೇಡಿದ್ದು ಬೇಡಿದಂತೆಯೇ ಕೈಗೆ ಬಂದಿತ್ತು. ಒಂದು ಗಳಿಗೆ ಮಹೇಶ್ವರಿಗೆ ಹಿತವೂ ಆಯಿತು. ಡಾಕ್ಟರು ಬಾಗಿಲ ತನಕ ಹೋಗಿದ್ದರು.

"ಸರ್, ಹತ್ತಿ ಉಗಳಿದ್ದು ನಾ ಮೊದಲ ನೋಡಿದ್ದೆ. ಬೇಕಂತನ ಹೇಳ್ಲಿಲ್ಲ."

ಡಾಕ್ಟರು ತಿರುಗಿ ನೋಡಿದರು. "ಅಜ್ಜ ಸತ್ತಿದ್ರ?" ಎಂದಷ್ಟೇ ಕೇಳಿ, "ನಾಳಿಯಿಂದ ನೀವಿಬ್ಬರೂ ಈ ಕೋಣಿಗೆ ಬರಬ್ಯಾಡ್ರಿ. ನಾ ಹೇಳೂತನಕ" ಎಂದು ಹೊರಟುಹೋದರು.

ಭಾಗ್ಯಾ ಸೆರಗಿಲ್ಲದ ಯೂನಿಫಾರ್ಮಿನ ತೋಳಿನಿಂದಲೇ ಮೂಗೊರೆಸಿಕೊಂಡಳು. "ನೀವು ಒದರದಿದ್ರ ನನಗ ಗೊತ್ತ ಆಗ್ತಿರಲಿಲ್ರಿ ಅಕ್ಕಾರ. ಆ ಪದ್ಯ ನನಗೂ ಕಲಸ್ರಿ."

ಅವಳ ದನಿಯಲ್ಲಿ ಸಿಟ್ಟಿನ ಸುಳಿವಿರಲಿಲ್ಲ. ಇಷ್ಟು ಬೇಗ ಮರೆಯುವುದು ಇವಳಿಗೆ ಹೇಗೆ ಬಂತು? ಮಹೇಶ್ವರಿಗೆ ಅದರ ಮೇಲೂ ಹೊಟ್ಟೆಕಿಚ್ಚಾಯಿತು.

"ಕುಂದರು, ಕಲಸ್ತೀನಿ" ಅಂದಳು.